ಎರಡನೇ ಪ್ಯಾರಾದಲ್ಲಿ ಸತ್ತವರು

ಆ ಶುಕ್ರವಾರ ಸಂಜೆ ಮೀನೂಟದ ಮೇಜಿನಲ್ಲಿ ಮೂವರು ಅಜ್ಜಿಯರು ಸತ್ತರು. ಮೂವರನ್ನೂ ಕೊಂದವಳು ಪಹೌವಾ ವಾಂಗ್. ಅಸಲಿಗೆ ಅವಳಿಗಿದ್ದದ್ದು ಒಬ್ಬಳೇ ಅಜ್ಜಿ. ಆ ಅಜ್ಜಿ ಷೆಬಾಯ್ಗನ್‌ನಲ್ಲಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದು, ಹಿತ್ತಿಲಲ್ಲಿ ಸೌತೆಕಾಯಿ ಬೆಳೆದು ಸಂತೆಗೆ ಒಯ್ಯುತ್ತಿದ್ದಳು.

“ಮೊದಲನೇ ಡ್ರಾಫ್ಟಲ್ಲಿ ಕ್ಯಾನ್ಸರ್ ಕೊಟ್ಟೆ, ಎರಡನೇದ್ರಲ್ಲಿ ಲಕ್ವ ಹೊಡೆಸ್ದೆ. ಮೂರನೇದ್ರಲ್ಲಿ ಪಾಪ ಅನ್ನಿಸಿ ನಿದ್ದೇಲೇ ಕಳಿಸ್ಬಿಟ್ಟೆ,” ಎಂದಳು ಪಹೌವಾ. “ನಿನ್ನೆ ಅವಳೇ ಫೋನ್ ಮಾಡಿದ್ಲು ಕಣ್ರೋ. ‘ಮನೇಲಿ ಅಕ್ಕಿ ಇದೆಯೇನೇ?’ ಅಂದ್ಲು. ನಂಗೆ ಬಾಯೇ ಬರ್ಲಿಲ್ಲ. ಸತ್ತೋಳ ಹತ್ರ ಏನಂತ ಮಾತಾಡೋದು?”

ಟೆರೆಲ್ ಗ್ಯಾಡ್ಸನ್‌ಗೆ ನಗು ಬಂದು ಮೀನು ನೆತ್ತಿಗೆ ಹತ್ತಿತು. ಆಡ್ರಾ ಜೀಲಿನ್ಸ್ಕಿ ಅವನ ಬೆನ್ನಿಗೆ ಗುದ್ದಿದಳು. ಮೂವರೂ ಮಿಲ್ವಾಕಿಯ ಮೆಡಿಕಲ್ ಕಾಲೇಜಿನ ಕೊನೆಯ ವರ್ಷದವರು. ಮೂವರೂ ರೆಸಿಡೆನ್ಸಿಗೆ, ಅಂದರೆ ಓದು ಮುಗಿದ ಮೇಲಿನ ಆಸ್ಪತ್ರೆ ತರಬೇತಿಗೆ, ಅರ್ಜಿ ಹಾಕಿದವರು. ಮುಂದಿನ ಬುಧವಾರ ಬೆಳಿಗ್ಗೆ ಎಂಟಕ್ಕೆ ಆ ಅರ್ಜಿಗಳು ದೇಶದ ಆಸ್ಪತ್ರೆಗಳಿಗೆಲ್ಲ ತೆರೆದುಕೊಳ್ಳುತ್ತವೆ. ಅಲ್ಲಿಯವರೆಗೆ ಏನನ್ನಾದರೂ ತಿದ್ದಬಹುದು, ಆಮೇಲೆ ಬಿಟ್ಟ ಬಾಣ.

ಅರ್ಜಿಯ ಜೊತೆಗೆ ಒಂದು ಪುಟದ ಪರ್ಸನಲ್ ಸ್ಟೇಟ್‌ಮೆಂಟ್ ಬರೆಯಬೇಕು. ಹೆಣ ಕೊಯ್ದು, ವಾರ್ಡಿನಲ್ಲಿ ನಿಂತು ಕಾಲು ಬಾತು, ಪರೀಕ್ಷೆಯ ಮೇಲೆ ಪರೀಕ್ಷೆ ಪಾಸು ಮಾಡಿದ ಮೇಲೂ ‘ಅಷ್ಟಕ್ಕೂ ನಿನಗೇಕೆ ಡಾಕ್ಟರಾಗಬೇಕು?’ ಎಂದು ಕೇಳುತ್ತಾರೆ. ನಿಜ ಬರೆದರೆ ಸಪ್ಪೆ, ಸುಳ್ಳು ಬರೆದರೆ ಎಲ್ಲರದೂ ಒಂದೇ ಥರ. ಹಾಗಾಗಿ ಆ ಕಾಲೇಜಿನ ಮಕ್ಕಳು ಇದಕ್ಕೊಂದು ಆಟ ಕಟ್ಟಿಕೊಂಡಿದ್ದರು. ಒಬ್ಬರು ತಮ್ಮ ಪುಟವನ್ನು ಗಟ್ಟಿಯಾಗಿ ಓದಬೇಕು. ಸತ್ತ ಅಜ್ಜಿ, ಆಟಿಕೆಯ ಸ್ಟೆತಸ್ಕೋಪು, ‘ರೋಗದ ಹಿಂದಿರುವ ಮನುಷ್ಯ’ ಇಂಥದ್ದೇನಾದರೂ ಬಂದರೆ ಉಳಿದವರು ಮೇಜು ಗುದ್ದಬೇಕು. ಸಿಕ್ಕಿಬಿದ್ದವರು ಹಾರ್ಸ್‌ರಾಡಿಶ್ ಬೇರಿನ ತುರಿಯನ್ನು ಒಂದು ಚಮಚ ನುಂಗಬೇಕು. ಅದರ ಖಾರ ನಾಲಗೆಗಲ್ಲ, ನೇರವಾಗಿ ಮೂಗಿಗೆ ಹತ್ತುತ್ತದೆ.

“ನನಗೆ ಐದು ವರ್ಷವಾಗಿದ್ದಾಗ ಅಮ್ಮ ಒಂದು ಆಟಿಕೆಯ...” ಎಂದು ಟೆರೆಲ್ ಶುರುಮಾಡುವಷ್ಟರಲ್ಲೇ ಧಬ್ ಧಬ್ ಎಂದು ಮೇಜು ಸದ್ದಾಯಿತು. ಅವನು ಚಮಚ ನುಂಗಿ, ಕಣ್ಣಲ್ಲಿ ನೀರು ಸುರಿಸುತ್ತಾ ಮುಂದೆ ಓದಿದ. ಎರಡನೇ ಸಾಲಿಗೆ ಮತ್ತೆ ಧಬ್.

“ಲೇ, ಒಂದು ಸಾಲಾದ್ರೂ ಓದಕ್ಕೆ ಬಿಡ್ರೋ! ಹೊಟ್ಟೆ ಉರಿದು ಸಾಯ್ತೀನಿ.”

“ಸಾಯಿ. ನಿನ್ನ ಮೇಲೆ ನಾನು ಸ್ಟೇಟ್‌ಮೆಂಟ್ ಬರಕೊಳ್ತೀನಿ,” ಎಂದಳು ಪಹೌವಾ. “ಆಡ್ರಾ, ನಿಂದು ಓದೇ. ನಿನ್ನ ಪೇಷಂಟ್ ಎಷ್ಟನೇ ಸಾಲಲ್ಲಿ ಸಾಯ್ತಾನೆ?”

“ಎರಡನೇ ಪ್ಯಾರಾ,” ಎಂದಳು ಆಡ್ರಾ. ನಗುತ್ತಲೇ ಹೇಳಿದಳು.

ಓದತೊಡಗಿದಾಗ ಮಾತ್ರ ಅವಳ ದನಿ ತಾನಾಗಿಯೇ ತಗ್ಗಿತು. ಅದರಲ್ಲಿ ಮಿಸ್ಟರ್ ಡಿ. ಎಂಬ ಮುದುಕರಿದ್ದರು. ಮೂವತ್ತೊಂದು ವರ್ಷ ಊರಿನ ಬಸ್ಸು ಓಡಿಸಿ, ಶ್ವಾಸಕೋಶ ಕೆಡಿಸಿಕೊಂಡು, ಫೆಬ್ರವರಿಯ ಚಳಿಯಲ್ಲಿ ವಾರ್ಡಿಗೆ ಬಂದು ಮಲಗಿದವರು. ದಿನಾ ಮಧ್ಯಾಹ್ನ ಅವರೂ ಆಡ್ರಾಳೂ ಹಾಸಿಗೆಯ ಮೇಲೆ ಕ್ರಿಬೇಜ್ ಹಲಗೆಯಿಟ್ಟು ಇಸ್ಪೀಟು ಆಡುತ್ತಿದ್ದರು. ಗೆದ್ದ ಅಂಕಕ್ಕೆ ತಕ್ಕಂತೆ ಹಲಗೆಯ ತೂತುಗಳಲ್ಲಿ ಕಡ್ಡಿ ಮುಂದೆ ಸರಿಸುವ ಆಟ ಅದು. ಕೊನೆಯ ಸಾಲುಗಳು ಹೀಗಿದ್ದವು: ‘ಶನಿವಾರ ಬೆಳಿಗ್ಗೆ, ಆಟ ಮುಗಿಯುವ ಮೊದಲೇ, ಅವರ ಉಸಿರು ಮೆಲ್ಲಗೆ ನಿಂತಿತು. ಅವರ ಕೈ ನನ್ನ ಕೈಯಲ್ಲಿತ್ತು. ಗೆಲ್ಲಲು ಅವರಿಗೆ ಇನ್ನು ಎಂಟೇ ತೂತು ಬಾಕಿ ಇದ್ದವು.’

ಯಾರೂ ಮೇಜು ಗುದ್ದಲಿಲ್ಲ. ಪಹೌವಾ ಕರವಸ್ತ್ರದಿಂದ ಕಣ್ಣೊತ್ತಿಕೊಂಡು, “ಥೂ, ನಿಜವಾಗ್ಲೂ ಅಳಿಸಿಬಿಟ್ಟೆ ಕಣೇ,” ಎಂದಳು.

ಟೆರೆಲ್ ಮಾತ್ರ ಹುಬ್ಬು ಗಂಟಿಕ್ಕಿ ಕೂತಿದ್ದ. “ಇವರು ಡೆಟ್‌ಮನ್ ಅಲ್ವಾ? ಆರ್ವಿಲ್ ಡೆಟ್‌ಮನ್? ಹಲಗೆ ಯಾರೂ ಮುಟ್ಟಬಾರ್ದು ಅಂತ ನರ್ಸ್‌ಗಳ ಮೇಲೆ ರೇಗ್ತಿದ್ದ ತಾತ?”

“ನಿಂಗೆ ಹೇಗೆ ಗೊತ್ತು?”

“ಮಾರ್ಚಲ್ಲಿ ಆ ವಾರ್ಡಿಗೆ ಬಂದಿದ್ದು ನಾನೇ ತಾನೇ? ನೀನು ಸರ್ಜರಿ ವಾರ್ಡಿಗೆ ಹೋದ್ಮೇಲೆ.” ಅವನು ತಲೆ ಕೆರೆದುಕೊಂಡ. “ಒಬ್ಬ ತಾತನ್ನ ವೀಲ್‌ಚೇರಲ್ಲಿ ಕೂರಿಸ್ಕೊಂಡು ಕೆಳಗೆ ಕಾರಿನ ತನಕ ಬಿಟ್ಟಿದ್ದೆ. ತೊಡೆ ಮೇಲೆ ಒಂದು ಹಲಗೆ ಇಟ್ಕೊಂಡಿದ್ರು ಅನ್ಸುತ್ತೆ. ಅಲುಗಾಡಿಸ್ಬೇಡ ಅಂತ ದಾರಿಯುದ್ದಕ್ಕೂ ಬೈದ್ರು. ಬೇರೆ ಯಾರೋ ಇರಬಹುದು ಬಿಡು. ನೀನೇ ಇದ್ಯಲ್ಲ ಪಕ್ಕದಲ್ಲಿ.”

“ಹೂಂ,” ಎಂದಳು ಆಡ್ರಾ. “ನಾನೇ ಇದ್ದೆ.”

ಅವಳು ತಟ್ಟೆಯಲ್ಲಿದ್ದ ಮೀನನ್ನು ಅತ್ತಿಂದಿತ್ತ ಇತ್ತಿಂದತ್ತ ತಳ್ಳುತ್ತಾ ಕೂತಳು. ಐದು ನಿಮಿಷವೂ ಕಳೆದಿರಲಿಲ್ಲ, ಫೋನು ಕುಂಯ್ ಎಂದಿತು. ಡಾಕ್ಟರ್ ಹಾಲ್ವರ್ಸನ್ ಕಳಿಸಿದ ಎರಡು ಸಾಲಿನ ಸಂದೇಶ. ‘ನಿನ್ನ ಸ್ಟೇಟ್‌ಮೆಂಟ್ ಓದಿದೆ. ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಅದರ ಪ್ರತಿ ಹಿಡಿದು ನನ್ನ ಕ್ಲಿನಿಕ್ಕಿಗೆ ಬಾ.’

ಹಾಲ್ವರ್ಸನ್ ಆ ಫೆಬ್ರವರಿಯಲ್ಲಿ ಅದೇ ವಾರ್ಡಿನ ದೊಡ್ಡ ಡಾಕ್ಟರು. ಆಡ್ರಾಳ ಶಿಫಾರಸು ಪತ್ರ ಬರೆಯಬೇಕಾದವರೂ ಅವರೇ. ಪತ್ರ ಬರೆಯುವವರಿಗೆ ತಮ್ಮ ಸ್ಟೇಟ್‌ಮೆಂಟ್ ಕಳಿಸುವುದು ಅಲ್ಲಿನ ರೂಢಿ. ಎಲ್ಲರೂ ಕಳಿಸುತ್ತಾರೆಂದು ಅವಳೂ ಕಳಿಸಿದ್ದಳು, ತಾನೇ ಹೋಗಿ ಹುಲಿಯ ಬಾಯಿಗೆ ಕೈ ಕೊಟ್ಟ ಹಾಗೆ.

*

ಅಂದು ನಡೆದದ್ದು ಇಷ್ಟು. ಫೆಬ್ರವರಿಯ ಕೊನೆಯ ಶುಕ್ರವಾರ ಡೆಟ್‌ಮನ್‌ರ ಉಸಿರು ತೀರಾ ಹದಗೆಟ್ಟಿತ್ತು. ಇನ್ನು ಯಂತ್ರ ಬೇಡ, ಸುಮ್ಮನೆ ಸಂಕಟವಾಗದಂತೆ ನೋಡಿಕೊಳ್ಳಿ ಎಂದು ಅವರೇ ಹೇಳಿದ್ದರು. ಎರಡು ದಿನ, ಹೆಚ್ಚೆಂದರೆ ಮೂರು ಎಂದು ವಾರ್ಡಿನಲ್ಲಿ ಎಲ್ಲರೂ ಅಂದುಕೊಂಡರು. ಅದೇ ದಿನ ಆಡ್ರಾಳ ಆ ವಾರ್ಡಿನ ಸರದಿ ಮುಗಿದಿತ್ತು. ಹೊರಡುವ ಮುಂಚೆ ಅವರ ಕೋಣೆಗೆ ಹೋಗಿದ್ದಳು.

“ಆಟ ಬಾಕಿ ಇದೆ,” ಎಂದಿದ್ದರು ಡೆಟ್‌ಮನ್, ಪದಕ್ಕೊಂದು ಉಸಿರೆಳೆದುಕೊಳ್ಳುತ್ತಾ.

“ನಾಳೆ ಶನಿವಾರ, ನಂಗೆ ರಜೆ. ಬೆಳಿಗ್ಗೆ ಬಂದು ಮುಗಿಸ್ತೀನಿ.”

“ಬರ್ತೀಯಾ?”

“ಬರ್ತೀನಿ.”

ಅವಳು ಹೋಗಲಿಲ್ಲ. ಶನಿವಾರ ಬೆಳಿಗ್ಗೆ ಬೂಟು ಹಾಕಿಕೊಂಡು ಕಾರಿನಲ್ಲಿ ಕೂತದ್ದು ನಿಜ. ಎಂಜಿನ್ ಬಿಸಿಯಾಗುವ ತನಕ ಕೂತಳು, ಗಾಜಿನ ಮೇಲಿನ ಹಿಮ ಕರಗುವ ತನಕ ಕೂತಳು, ಆಮೇಲೆ ಇಳಿದು ಮನೆಯೊಳಗೆ ಹೋದಳು. ಸೋಮವಾರದಿಂದ ಸರ್ಜರಿ, ಓದುವುದಿದೆ ಎಂದು ತನಗೆ ತಾನೇ ನೆಪ ಹೇಳಿಕೊಂಡಳು.

ಆಮೇಲೆ ಡೆಟ್‌ಮನ್ ಏನಾದರು ಎಂದು ಅವಳು ಯಾರನ್ನೂ ಕೇಳಲಿಲ್ಲ. ಆ ಓದೇ ಹಾಗೆ. ನಾಲ್ಕು ವಾರಕ್ಕೊಂದು ವಾರ್ಡು. ಪ್ರತಿ ಸಲವೂ ಅರ್ಧ ಕಥೆ ಕೇಳಿ ಎದ್ದು ಹೋಗಬೇಕು. ಸರದಿ ಮುಗಿದ ಮೇಲೆ ಹಳೆಯ ರೋಗಿಯ ಫೈಲನ್ನು ಕಂಪ್ಯೂಟರಿನಲ್ಲಿ ತೆರೆಯುವ ಹಾಗಿಲ್ಲ. ಯಾರು, ಎಷ್ಟು ಹೊತ್ತಿಗೆ, ಯಾರ ಫೈಲು ನೋಡಿದರು ಎಂಬುದು ಅಲ್ಲೇ ದಾಖಲಾಗುತ್ತದೆ. ಹಿಂದಿನ ವರ್ಷ ಪಕ್ಕದ ಮನೆಯವರ ಫೈಲು ಇಣುಕಿದ ಹುಡುಗನೊಬ್ಬನನ್ನು ಕಾಲೇಜಿನಿಂದಲೇ ಕಳಿಸಿದ್ದರು. ಹೀಗಾಗಿ ಆ ಮಕ್ಕಳಿಗೆ ತಾವು ಬಿಟ್ಟು ಬಂದ ರೋಗಿಗಳೆಲ್ಲ ಸತ್ತಂತೆಯೂ ಬದುಕಿದಂತೆಯೂ ಇರುತ್ತಾರೆ. ಬೇಕಾದಂತೆ ಅಂದುಕೊಳ್ಳಬಹುದು. ಡೆಟ್‌ಮನ್ ಸತ್ತರೆಂದು ಆಡ್ರಾ ಅಂದುಕೊಂಡಳು. ಆಗಸ್ಟಿನಲ್ಲಿ ಹತ್ತೊಂಬತ್ತನೇ ಡ್ರಾಫ್ಟು ಬರೆಯುವಾಗ, ಅವರ ಪಕ್ಕದಲ್ಲಿ ತನ್ನನ್ನು ಕೂರಿಸಿಕೊಂಡಳು. ಆ ಸಾಲು ಬರೆದ ದಿನ ಹೊಟ್ಟೆ ತಣ್ಣಗಾದಂತಾಗಿತ್ತು. ಹೋಗಿಯೇ ಇದ್ದೆನೇನೋ ಎಂದು ಅವಳೇ ಅರ್ಧ ನಂಬಿದ್ದಳು.

ಈಗ ಮೀನೂಟ ಮುಗಿಸಿ ಬಂದವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಲ್ವರ್ಸನ್ ಕಾಲೇಜಿನ ಡೀನ್‌ಗೆ ಒಂದು ಮಾತು ಹೇಳಿದರೆ ಮುಗಿಯಿತು. ‘ರೋಗಿಯ ವಿಷಯದಲ್ಲಿ ಸುಳ್ಳು ಹೇಳಿದಳು’ ಎಂಬ ಒಂದು ಸಾಲು ಅವಳ ದಾಖಲೆಗೆ ಬಿದ್ದರೆ ಯಾವ ಆಸ್ಪತ್ರೆಯೂ ಅವಳನ್ನು ಮೂಸಿ ನೋಡುವುದಿಲ್ಲ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಅಪ್ಪ ಆಗಲೇ ‘ನನ್ನ ಮಗಳು ಡಾಕ್ಟರ್’ ಎಂದು ಕೆಲಸದ ಕಡೆಯೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಸ್ಟೇಟ್‌ಮೆಂಟನ್ನು ಆಗಲೇ ಅಳಿಸಿ ಬೇರೆ ಬರೆಯಬಹುದಿತ್ತು. ಆದರೆ ಹಾಲ್ವರ್ಸನ್ ಓದಿಯಾಗಿದೆ. ಈಗ ಅಳಿಸಿದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಗುತ್ತದೆ.

ಶನಿವಾರವೆಲ್ಲ ಊರಿನ ಪತ್ರಿಕೆಯ ನಿಧನವಾರ್ತೆಗಳನ್ನು ಹುಡುಕಿದಳು. ಸತ್ತವರ ಹೆಸರು ಹುಡುಕಲು ಯಾರ ಅಪ್ಪಣೆಯೂ ಬೇಡ. ಫೆಬ್ರವರಿ, ಮಾರ್ಚ್, ಏಪ್ರಿಲ್. ಡೆಟ್‌ಮನ್ ಎಂಬ ಹೆಸರು ಒಂದೇ ಕಡೆ ಸಿಕ್ಕಿತು, ಎಂಟು ವರ್ಷ ಹಿಂದೆ ತೀರಿಕೊಂಡ ಲುಸಿಲ್ ಡೆಟ್‌ಮನ್. ಕೊನೆಯಲ್ಲಿ ‘ಪತಿ ಆರ್ವಿಲ್ ಮತ್ತು ಮಗಳನ್ನು ಅಗಲಿದ್ದಾರೆ’ ಎಂದಿತ್ತು. ಶವಸಂಸ್ಕಾರದ ಮನೆಗಳ ಪಟ್ಟಿಗಳನ್ನೂ ಒಂದೊಂದಾಗಿ ತೆರೆದಳು. ಎಲ್ಲೂ ಇಲ್ಲ. ಹೆಸರು ಸಿಗದಾಗಲೆಲ್ಲ ಮೊದಲಿನಿಂದ ಮತ್ತೆ ಹುಡುಕಿದಳು.

ಭಾನುವಾರ ವಾರ್ಡಿನಲ್ಲಿ ಕೆಲಸವಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಂಪ್ಯೂಟರಿನ ಮುಂದೆ ಅವಳೊಬ್ಬಳೇ ಉಳಿದಳು. ಹೆಸರು ಬರೆಯುವ ಜಾಗದಲ್ಲಿ ಡಿ, ಇ, ಟಿ ಎಂದು ಒತ್ತಿದಳು. ಇನ್ನು ನಾಲ್ಕು ಅಕ್ಷರ ಒತ್ತಿದರೆ ತಿಳಿದುಹೋಗುತ್ತದೆ. ಹಿಂದೆ ಹೆಜ್ಜೆ ಸದ್ದಾಯಿತು. ನೆಲ ಒರೆಸುವವಳು ಬಕೆಟ್ ತಳ್ಳಿಕೊಂಡು ಹೋದಳು, ಅಷ್ಟೆ. ಆಡ್ರಾ ಮೂರೂ ಅಕ್ಷರ ಅಳಿಸಿ, ಶೌಚಾಲಯಕ್ಕೆ ಹೋದಳು.

ಮುಖ ತೊಳೆದು ಕನ್ನಡಿ ನೋಡಿಕೊಂಡಾಗ ಒಂದು ಮಾತು ಅವಳ ಬಾಯಿಂದ ಹೊರಬಿತ್ತು. “ಸತ್ತಿರ್ಲಿ, ದೇವರೇ.” ಹೇಳಿದ ಮೇಲೆ ಏನು ಹೇಳಿದೆನೆಂದು ತಿಳಿಯಿತು. ತನ್ನ ಜೊತೆ ಆಡಿದ ಒಬ್ಬ ಮನುಷ್ಯ ಸತ್ತಿರಲಿ ಎಂದು ಎರಡು ದಿನದಿಂದ ಅವಳು ಹರಕೆ ಹೊರುತ್ತಿದ್ದಳು. ಡಾಕ್ಟರಾಗಲು ಯಾಕೆ ಇಷ್ಟ ಎಂದು ಒಂದು ಪುಟ ಬರೆದುಕೊಟ್ಟ ಹುಡುಗಿ! ಆವತ್ತು ಅವಳಿಗೆ ಡೀನ್‌ಗಿಂತ, ಹಾಲ್ವರ್ಸನ್‌ಗಿಂತ ತನ್ನ ಮೇಲೆಯೇ ಹೆಚ್ಚು ಹೆದರಿಕೆಯಾಯಿತು.

*

ಡಾಕ್ಟರ್ ಹಾಲ್ವರ್ಸನ್ ಕುಳ್ಳಗೆ, ಅರವತ್ತರ ಆಸುಪಾಸಿನವರು. ಅವರು ಯಾರ ಮೇಲೂ ದನಿಯೇರಿಸಿದ್ದಿಲ್ಲ. ಬೈದಿದ್ದರೆ ಮಕ್ಕಳು ಇಷ್ಟು ಹೆದರುತ್ತಿರಲಿಲ್ಲ. ಮಂಗಳವಾರ ಒಂದು ಗಂಟೆಗೆ ಆಡ್ರಾ ಎದುರು ನಿಂತಾಗ ಅವರು ಕಂಪ್ಯೂಟರಿನಿಂದ ತಲೆಯನ್ನೂ ಎತ್ತಲಿಲ್ಲ.

“ಪ್ರತಿ ತಂದಿದೀಯಾ?”

“ತಂದಿದೀನಿ ಡಾಕ್ಟರ್. ನಾನು ಒಂದು ಮಾತು...”

“ಆಮೇಲೆ. ನಾಲ್ಕನೇ ರೂಮಲ್ಲಿ ಪೇಷಂಟ್ ಇದಾರೆ. ಮೊದಲು ನೀನು ಹೋಗಿ ನೋಡು. ಹಿಂದೇನೇ ನಾನು ಬರ್ತೀನಿ.”

ವಿದ್ಯಾರ್ಥಿ ಮೊದಲು ಹೋಗಿ ರೋಗಿಯನ್ನು ನೋಡುವುದು ದಿನನಿತ್ಯದ ಕ್ರಮ. ಅದರಲ್ಲಿ ವಿಶೇಷವಿರಲಿಲ್ಲ. ಆದರೂ ನಾಲ್ಕನೇ ರೂಮಿನ ಬಾಗಿಲ ಮುಂದೆ ಅವಳು ನಿಂತಳು. ಒಳಗಿನಿಂದ ಒಂದು ಸಣ್ಣ ಸದ್ದು ಬರುತ್ತಿತ್ತು. ಟಿಕ್, ಉಸ್. ಟಿಕ್, ಉಸ್. ಹೊತ್ತೊಯ್ಯುವ ಆಕ್ಸಿಜನ್ ಡಬ್ಬಿಯ ಸದ್ದು. ಅವಳು ಬಾಗಿಲು ತಟ್ಟಿದಳು.

“ಬಾ, ಬಾ,” ಎಂದಿತು ಒಳಗಿನ ದನಿ.

ಕುರ್ಚಿಯ ಮೇಲೆ ಆರ್ವಿಲ್ ಡೆಟ್‌ಮನ್ ಕೂತಿದ್ದರು. ಮೂಗಿನಲ್ಲಿ ನಳಿಕೆ. ಅಂಗಿಯೊಳಗೆ ಮೈ ಇದೆಯೋ ಇಲ್ಲವೋ ಎನ್ನುವಷ್ಟು ಇಳಿದುಹೋಗಿದ್ದರು. ಕಣ್ಣು ಮಾತ್ರ ಅದೇ. ಇಸ್ಪೀಟು ಹಂಚುವಾಗ ಎದುರಾಳಿಯ ಕೈಯನ್ನೇ ನೋಡುತ್ತಿದ್ದ ಕಣ್ಣು.

ಆಡ್ರಾ ಬಾಗಿಲಲ್ಲೇ ನಿಂತು ಅವರನ್ನೇ ನೋಡಿದಳು.

“ಯಾಕೆ ಹುಡುಗಿ, ದೆವ್ವ ನೋಡ್ದಂಗೆ ನೋಡ್ತೀಯ?” ಎಂದರು ಡೆಟ್‌ಮನ್. “ಸಾಯ್ತಾನೆ ಅಂತ, ಸಾಯೋರನ್ನ ನೋಡ್ಕೊಳ್ಳೋ ಹಾಸ್ಪಿಸ್‌ಗೆ ಹಾಕಿದ್ರು. ಐದು ವಾರ ನೋಡಿದ್ರು. ಸಾಯೋ ಲಕ್ಷಣ ಕಾಣದೆ ಬೇಜಾರಾಗಿ ಮನೆಗೆ ಕಳಿಸಿದ್ರು. ಅಲ್ಲಿಂದ ಆಚೆ ಹಾಕಿಸ್ಕೊಂಡ ಗಟ್ಟಿಗ ನಾನು.”

“ಮಿಸ್ಟರ್ ಡೆಟ್‌ಮನ್...”

“ಶನಿವಾರ ಬರ್ತೀನಿ ಅಂದಿದ್ದೆ.”

ಅವರು ರೇಗಲಿಲ್ಲ. ಬಸ್ಸು ತಪ್ಪಿಸಿಕೊಂಡವರಿಗೆ ಹೊತ್ತು ಹೇಳುವ ಡ್ರೈವರನಂತೆ, ಇದ್ದದ್ದನ್ನು ಹೇಳಿದರು.

ಅಷ್ಟರಲ್ಲಿ ಹಾಲ್ವರ್ಸನ್ ಒಳಗೆ ಬಂದು ಬಾಗಿಲು ಮುಚ್ಚಿ, ಮೂಲೆಯ ಸ್ಟೂಲಿನ ಮೇಲೆ ಕೂತರು. “ಆರ್ವಿಲ್, ನಾನು ಹೇಳಿದ್ನಲ್ಲ. ಈ ಹುಡುಗಿ ನಿಮ್ಮ ಬಗ್ಗೆ ಬರೆದಿದಾಳೆ. ನಾಳೆ ಬೆಳಿಗ್ಗೆ ಅದು ಐವತ್ತು ಆಸ್ಪತ್ರೆಗೆ ಹೋಗುತ್ತೆ. ಹೋಗೋಕೆ ಮುಂಚೆ ನೀವು ಕೇಳ್ಬೇಕು ಅಂತ ನನಗನ್ನಿಸ್ತು. ಬೇಡ ಅಂದ್ರೆ ಬೇಡ.”

“ನನ್ ಬಗ್ಗೆ ಯಾರೂ ಏನೂ ಬರೆದಿಲ್ಲ. ದೂರು ಬರೆದಿದಾರೆ, ಬಸ್ಸು ನಿಲ್ಲಿಸ್ಲಿಲ್ಲ ಅಂತ. ಓದ್ಲಿ.”

ಹಾಲ್ವರ್ಸನ್ ಆಡ್ರಾಳ ಕಡೆ ತಿರುಗಿದರು. “ಓದು.”

“ಡಾಕ್ಟರ್, ದಯವಿಟ್ಟು...”

“ಪೂರ್ತಿ ಓದು.”

ಅವಳು ಓದಿದಳು. ಬಸ್ಸಿನ ಮಾತು ಬಂದಾಗ ಡೆಟ್‌ಮನ್ ತಲೆಯಾಡಿಸಿದರು. ನರ್ಸುಗಳನ್ನು ಬೈಯುವ ಮಾತು ಬಂದಾಗ ಮೂಗಿನಲ್ಲಿ ನಕ್ಕರು. ಎರಡನೇ ಪ್ಯಾರಾ ಬಂತು. ಅಲ್ಲಿಂದ ಮುಂದೆ ಅವಳಿಗೆ ಅಕ್ಷರವೇ ಕಾಣಲಿಲ್ಲ. ಬಾಯಿಪಾಠವಾಗಿದ್ದ ಸಾಲುಗಳು ಒಂದರ ಹಿಂದೆ ಒಂದು ಹೊರಬಂದವು. ‘ಅವರ ಉಸಿರು ಮೆಲ್ಲಗೆ ನಿಂತಿತು. ಅವರ ಕೈ ನನ್ನ ಕೈಯಲ್ಲಿತ್ತು.’ ಉಸಿರಾಡುತ್ತಾ ಎದುರಿಗೆ ಕೂತ ಮನುಷ್ಯನಿಗೆ ಅವನ ಸಾವನ್ನು ಓದಿ ಹೇಳಿದಳು. ಎಂಟು ತೂತು ಬಾಕಿ ಎನ್ನುವಲ್ಲಿಗೆ ಮುಗಿಸಿ, ತಲೆ ಬಗ್ಗಿಸಿ ನಿಂತಳು.

ಟಿಕ್, ಉಸ್ ಎಂಬ ಸದ್ದೊಂದೇ ಉಳಿಯಿತು. ಅವರು ಈಗ ಕೂಗಾಡುತ್ತಾರೆ, ಈಗ ಎದ್ದು ಹೋಗುತ್ತಾರೆ ಎಂದು ಕಾದಳು.

“ನೋವಿರ್ಲಿಲ್ವಾ?” ಎಂದರು ಡೆಟ್‌ಮನ್.

“ಏನು?”

“ಅದ್ರಲ್ಲಿ. ನಾನು ಹೋಗುವಾಗ. ನೋವಿತ್ತಾ?”

ಅವಳು ಹಾಲ್ವರ್ಸನ್ ಕಡೆ ನೋಡಿದಳು. ಅವರು ಕಿಟಕಿಯ ಕಡೆ ನೋಡುತ್ತಿದ್ದರು. “ಇರ್ಲಿಲ್ಲ,” ಎಂದಳು.

“ಉಸಿರು ಕಟ್ಟಲಿಲ್ವಾ? ಒದ್ದಾಡಲಿಲ್ವಾ?”

“ಇಲ್ಲ. ಮೆಲ್ಲಗೆ.”

“ಹಾಗಾದ್ರೆ ಪರವಾಗಿಲ್ಲ,” ಎಂದರು ಡೆಟ್‌ಮನ್. ತಮ್ಮ ಕೈಗಳನ್ನು ನೋಡಿಕೊಂಡರು. “ಆ ಶನಿವಾರ ನಾನೂ ಹಿಂಗೇ ಆಗುತ್ತೆ ಅಂದ್ಕೊಂಡಿದ್ದೆ. ಬಾಗಿಲ ಕಡೆಗೇ ತಿರುಗಿ ಮಲಗಿದ್ದೆ. ಯಾರ ಹೆಜ್ಜೆ ಕೇಳಿದ್ರೂ ನೀನೇ ಅನ್ನಿಸ್ತಿತ್ತು. ಊಟದ ಗಾಡಿ ಬಂತು, ನರ್ಸ್ ಬಂದ್ಲು, ಕಸದವನು ಬಂದ. ಕತ್ತಲಾದ್ಮೇಲೆ ಈ ಕಡೆ ಹೊರಳಿದೆ.”

ಆಡ್ರಾ ಅಳತೊಡಗಿದಳು. “ಕಾರಲ್ಲಿ ಕೂತಿದ್ದೆ, ಮಿಸ್ಟರ್ ಡೆಟ್‌ಮನ್. ಹೊರಟಿದ್ದೆ. ಹೆದರಿಕೆ ಆಯ್ತು. ನಾನು ಬಂದಾಗ್ಲೇ ನೀವು ಹೋಗ್ಬಿಟ್ರೆ ಏನ್ ಮಾಡ್ಲಿ ಅಂತ ಹೆದರಿ ಇಳಿದುಬಿಟ್ಟೆ.”

“ನಂಗೂ ಅದೇ ಹೆದರಿಕೆ ಇತ್ತು ಕಣಮ್ಮ. ನೀನು ಬರೋಕೆ ಮುಂಚೆ ಹೋಗ್ಬಿಟ್ರೆ ಅಂತ.” ಅವರು ಉಸಿರೆಳೆದುಕೊಂಡರು. “ಇದನ್ನ ಅಳಿಸು. ಇನ್ನೂ ಆಗಿಲ್ದೇ ಇರೋದನ್ನ ಆಯ್ತು ಅಂತ ಬರೀಬಾರ್ದು, ಅಪಶಕುನ. ಅಳಿಸಿ, ಶನಿವಾರ ಮನೆಗೆ ಬಾ. ಹಲಗೆ ಹಂಗೇ ಇಟ್ಟಿದೀನಿ. ಒಂದು ಕಡ್ಡೀನೂ ಕಿತ್ತಿಲ್ಲ.”

ಹೊರಗೆ ಕಾರಿಡಾರಿನಲ್ಲಿ ಹಾಲ್ವರ್ಸನ್ ಮೆಲ್ಲಗೆ ಕೇಳಿದರು. “ಬದುಕಿದಾರೆ ಅಂತ ಗೊತ್ತಿದ್ದೂ ಬರೆದ್ಯಾ?”

“ಇಲ್ಲ. ಸತ್ತಿದಾರೆ ಅಂತಲೇ ಅಂದ್ಕೊಂಡಿದ್ದೆ. ಕೈ ಹಿಡಿದಿದ್ದೆ ಅಂದಿದ್ದು ಮಾತ್ರ ಬೇಕಂತ ಹೇಳಿದ ಸುಳ್ಳು.”

“ಎರಡರಲ್ಲಿ ಯಾವುದು ದೊಡ್ಡದು?”

“ಕೈ.”

ಹಾಲ್ವರ್ಸನ್ ತಲೆಯಾಡಿಸಿದರು. “ಅವರಿಗೆ ಚಳಿಗಾಲ ದಾಟೋದು ಕಷ್ಟ. ಕ್ರಿಸ್ಮಸ್ ತನಕ ಇದ್ರೆ ಪುಣ್ಯ. ತಿಳ್ಕೊಂಡು ಹೋಗು.”

“ಡಾಕ್ಟರ್, ಡೀನ್‌ಗೆ ಹೇಳ್ತೀರಾ? ನನ್ನ ಪತ್ರ...”

“ಪತ್ರ ಇವತ್ತು ಸಂಜೆ ಬರೀತೀನಿ,” ಎಂದರು ಅವರು. “ಇದನ್ನ ನೋಡಿದ ಮೇಲೆ ಏನು ಬರೀಬೇಕು ಅನ್ಸುತ್ತೋ ಅದನ್ನೇ ಬರೀತೀನಿ.”

ಆ ಪತ್ರದಲ್ಲಿ ಏನಿದೆ ಎಂದು ಅವಳಿಗೆ ಎಂದೂ ತಿಳಿಯುವುದಿಲ್ಲ. ಪತ್ರವನ್ನು ನೋಡುವ ಹಕ್ಕು ನನಗೆ ಬೇಡ ಎಂದು ಎಲ್ಲರೂ ಮೊದಲೇ ಸಹಿ ಹಾಕಿಕೊಟ್ಟಿರುತ್ತಾರೆ. ಅವಳೂ ಹಾಕಿದ್ದಳು. ಇನ್ನು ಮಾರ್ಚಿನವರೆಗೆ, ಜಾಗ ಸಿಕ್ಕಿತೋ ಇಲ್ಲವೋ ತಿಳಿಯುವವರೆಗೆ, ಆ ಭಯವನ್ನು ಸೆರಗಿಗೆ ಕಟ್ಟಿಕೊಂಡ ಕೆಂಡದಂತೆ ಹೊತ್ತು ತಿರುಗಬೇಕು.

ಅಂದು ಸಂಜೆ ಅವಳು ಸ್ಟೇಟ್‌ಮೆಂಟನ್ನು ಅಳಿಸಿ ಹೊಸದನ್ನು ಬರೆದಳು. ಹತ್ತೊಂಬತ್ತು ಡ್ರಾಫ್ಟು ಬೇಕಾಗಲಿಲ್ಲ. ‘ಶನಿವಾರ ಬರುತ್ತೇನೆಂದು ಒಬ್ಬ ರೋಗಿಗೆ ಮಾತು ಕೊಟ್ಟಿದ್ದೆ. ಹೆದರಿ ಹೋಗಲಿಲ್ಲ’ ಎಂದು ಶುರುವಾಗುತ್ತಿತ್ತು. ಟೆರೆಲ್‌ಗೂ ಪಹೌವಾಳಿಗೂ ಫೋನಿನಲ್ಲಿ ನಡೆದದ್ದೆಲ್ಲ ಹೇಳಿ, ಓದಿದಳು.

“ಇದ್ರಲ್ಲಿ ಯಾರೂ ಸಾಯೋದೇ ಇಲ್ವಲ್ಲೇ!” ಎಂದಳು ಪಹೌವಾ. “ಇದನ್ನ ಓದಿ ಯಾರಾದ್ರೂ ಸೇರಿಸ್ಕೊಳ್ತಾರಾ?”

“ಗೊತ್ತಿಲ್ಲ.”

“ತಾತ ಅವರೇ ಅಂತ ನಂಗೆ ಶುಕ್ರವಾರವೇ ಗೊತ್ತಿತ್ತು ಕಣೇ,” ಎಂದ ಟೆರೆಲ್. “ನಿನ್ನ ಮುಖ ನೋಡಿ ಬಾಯಿ ಮುಚ್ಕೊಂಡೆ.”

ಬುಧವಾರ ಬೆಳಿಗ್ಗೆ ಎಂಟಾಯಿತು. ಬಾಣ ಹೋಯಿತು.

*

ಶನಿವಾರ ಅವಳು ಕಾರಿನಲ್ಲಿ ಕೂತು ಎಂಜಿನ್ ಬಿಸಿಯಾಗಲು ಕಾಯಲಿಲ್ಲ. ಊರಿನ ದಕ್ಷಿಣಕ್ಕೆ, ಹಳೆಯ ಇಟ್ಟಿಗೆ ಮನೆಗಳ ಬೀದಿಯಲ್ಲಿ ನಿಲ್ಲಿಸಿ, ನೆಲಮಾಳಿಗೆಯ ಮನೆಗೆ ಮೆಟ್ಟಿಲಿಳಿದು ಡೆಟ್‌ಮನ್‌ರ ಬಾಗಿಲು ತಟ್ಟಿದಳು. ಉತ್ತರವಿಲ್ಲ. ಮತ್ತೆ ತಟ್ಟಿದಳು. ಪರದೆ ಎಳೆದಿತ್ತು. ಟಿಕ್, ಉಸ್ ಸದ್ದು ಎಲ್ಲಾದರೂ ಇದೆಯೇ ಎಂದು ಬಾಗಿಲಿಗೆ ಕಿವಿಯಾನಿಸಿದಳು. ಏನೂ ಇಲ್ಲ. ಹೋದ ಶನಿವಾರ ಇದೇ ಹೊತ್ತಿಗೆ ಅವರ ಹೆಸರನ್ನು ಸತ್ತವರ ಪಟ್ಟಿಯಲ್ಲಿ ಹುಡುಕುತ್ತಿದ್ದವಳು ಈಗ ಅಂಗೈಯಿಂದ ಬಾಗಿಲು ಬಡಿಯುತ್ತಿದ್ದಳು. “ಮಿಸ್ಟರ್ ಡೆಟ್‌ಮನ್! ನಾನು ಆಡ್ರಾ! ಬಂದಿದೀನಿ!”

ಎಷ್ಟೋ ಹೊತ್ತಾದ ಮೇಲೆ ಒಳಗೆ ಏನೋ ಎಳೆದ ಸದ್ದಾಯಿತು. ಬಾಗಿಲು ತೆರೆಯಿತು.

“ಕಿವುಡನಲ್ಲ ನಾನು, ನಿಧಾನ ಅಷ್ಟೆ,” ಎಂದರು ಡೆಟ್‌ಮನ್. ಅವರ ಹಿಂದೆ ಉದ್ದನೆಯ ನಳಿಕೆ ಒಳಮನೆಯವರೆಗೂ ಹಾಸಿತ್ತು. “ಏಳು ತಿಂಗಳು ತಡವಾಗಿ ಬಂದು ಬಾಗಿಲು ಬೇರೆ ಮುರೀತೀಯಾ? ಬಾ.”

ಅಡುಗೆಮನೆಯ ಮೇಜಿನ ಮೇಲೆ ಹಲಗೆಯಿತ್ತು. ಅವರ ಕಡ್ಡಿಗೆ ಎಂಟು ತೂತು ಬಾಕಿ, ಅವಳದು ಎಲ್ಲೋ ಹಿಂದೆ. ಆಡ್ರಾ ಎಲೆ ಹಂಚಿದಳು. ಎಲೆ ಇಳಿಸುವ ಸುತ್ತಿನಲ್ಲೇ ಡೆಟ್‌ಮನ್ ಎರಡು ತೂತು ಮುಂದೆ ಹೋದರು. ಇನ್ನು ಆರು ಬಾಕಿ.

ಆಮೇಲೆ ಕೈಯಲ್ಲಿದ್ದ ಎಲೆಗಳನ್ನು ತೋರಿಸಿ ಅಂಕ ಎಣಿಸಬೇಕು. ಡೆಟ್‌ಮನ್‌ರ ಮನೆಯ ನಿಯಮ ಅವಳಿಗೆ ಗೊತ್ತಿತ್ತು. ಎದುರಾಳಿ ಎಣಿಸಲು ಮರೆತ ಅಂಕವನ್ನು ಇನ್ನೊಬ್ಬರು ಕಿತ್ತುಕೊಳ್ಳಬಹುದು. ಆಸ್ಪತ್ರೆಯಲ್ಲಿ ಅವಳು ಒಂದಂಕ ಮರೆತರೂ ಸಾಕು, ಉಸಿರಿಲ್ಲದಿದ್ದರೂ ಹಾಸಿಗೆ ಗುದ್ದಿ ಕಿತ್ತುಕೊಂಡು, ಮಗುವಿನ ಹಾಗೆ ಸಂಭ್ರಮಿಸುತ್ತಿದ್ದರು. ತಮ್ಮ ಅಂಕವನ್ನು ಅವರು ಒಮ್ಮೆಯೂ ಮರೆತವರಲ್ಲ.

ಅವರು ಎಲೆಗಳನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಒಂದು ಏಳು, ಎರಡು ಎಂಟು, ಒಂದು ರಾಜ. ಏಳೂ ಎಂಟೂ ಕೂಡಿದರೆ ಹದಿನೈದು, ಅದಕ್ಕೆ ಎರಡಂಕ. ಇನ್ನೊಂದು ಎಂಟಿನ ಜೊತೆ ಮತ್ತೆ ಹದಿನೈದು, ಮತ್ತೆ ಎರಡು. ಎಂಟರ ಜೋಡಿಗೆ ಎರಡು. ಒಟ್ಟು ಆರು. ಅಷ್ಟೂ ಎಣಿಸಿದರೆ ಅವರು ಗೆದ್ದು ಆಟ ಮುಗಿಯುತ್ತದೆ.

“ಜೋಡಿಗೆ ಎರಡು,” ಎಂದರು ಡೆಟ್‌ಮನ್. ಕಡ್ಡಿಯನ್ನು ಎರಡೇ ತೂತು ಸರಿಸಿ, ಕೈ ಹಿಂದಕ್ಕೆ ತೆಗೆದುಕೊಂಡರು. ತಲೆಯೆತ್ತಿ ಅವಳನ್ನು ನೋಡಲಿಲ್ಲ.

ಮಿಕ್ಕ ನಾಲ್ಕು ಅಂಕ ಮೇಜಿನ ಮೇಲೆ, ಇಬ್ಬರ ನಡುವೆ ಬಿದ್ದಿತ್ತು. ಕಿತ್ತುಕೊಳ್ಳುವ ಹಕ್ಕು ಅವಳದು.

ಆಡ್ರಾ ಎಲೆಗಳನ್ನು ಒಟ್ಟುಮಾಡಿ ಕಲಸಿದಳು. “ನಾಲ್ಕು ಬಾಕಿ ಇದೆ ನಿಮಗೆ,” ಎಂದಳು. “ಇವತ್ತಿಗೆ ಸಾಕು ಮಾಡೋಣ್ವಾ? ಮುಂದಿನ ಶನಿವಾರ ಬರ್ತೀನಿ.”

“ಬರ್ತೀಯಾ?” ಎಂದರು ಅವರು, ಫೆಬ್ರವರಿಯಲ್ಲಿ ಕೇಳಿದ ಅದೇ ದನಿಯಲ್ಲಿ.

ಅವಳಿಗೆ ಆಗಿನದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು. “ಬರ್ತೀನಿ,” ಎಂದಳು.